ಬಟಾಣಿ ಏಟು ತಿಂದ ಲೋಲಕ: ಜಾರ್ಜ್ ಉಡ್ನಿ ಯೂಲ್ ಅವರ ಜೀವನ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಪಾಠ ತೆಗೆದುಕೊಂಡಿದ್ದೆ. ಪೀಠಿಕೆಗೆಂದು ಕಪ್ಪುಹಲಗೆಯ ಮೇಲೆ ಎರಡು ಸಾಲು ಅಂಕಿಗಳನ್ನು ಬರೆದೆ. ಒಂದು ಊರಿನ ಮೋಟಾರ್ ಬೈಕುಗಳ ಸಂಖ್ಯೆ, ಇನ್ನೊಂದು ಅದೇ ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರ ಸಂಖ್ಯೆ, ಹತ್ತು ವರ್ಷಗಳದ್ದು. ಎರಡೂ ನಾನೇ ಕಲ್ಪಿಸಿಕೊಂಡ ಅಂಕಿಗಳು. ಎರಡೂ ಏರುತ್ತ ಹೋಗುತ್ತವೆ, ಆದ್ದರಿಂದ ಇವುಗಳ ನಡುವೆ ಗಟ್ಟಿಯಾದ ಸಹಸಂಬಂಧವಿದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಹಾಗಾದರೆ ಊರಿಗೆ ಇನ್ನಷ್ಟು ಬೈಕು ತಂದರೆ ನಾವೆಲ್ಲ ಪಾಸಾಗುತ್ತೇವೆಯೇ ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಹಂತಕ್ಕೆ ಹೋದೆ. ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕರು ಆ ಪ್ರಶ್ನೆಯನ್ನು ವೀಕ್ಷಣಾ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದರು.

ಆ ಖಾಲಿ ಜಾಗ ತುಂಬಿಸಲು ಹೊರಟಾಗ ನನಗೆ ಸಿಕ್ಕವರು ಜಾರ್ಜ್ ಉಡ್ನಿ ಯೂಲ್. ಇದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡು ಅದರ ಹಿಂದೆ ಬಹುಕಾಲ ನಡೆದವರು ಅವರು. ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಯೂಲ್ ಎಂದರೆ ಗುಣಸಂಬಂಧದ ಒಂದು ಸೂತ್ರ, ಅಷ್ಟೆ. ನನಗೂ ಅಷ್ಟೇ ಆಗಿತ್ತು.

ಯೂಲ್ ಹುಟ್ಟಿದ್ದು 1871ರ ಫೆಬ್ರವರಿ 18ರಂದು, ಸ್ಕಾಟ್‌ಲೆಂಡಿನ ಹ್ಯಾಡಿಂಗ್ಟನ್ ಬಳಿಯ ಮೋರಮ್‌ನಲ್ಲಿ. ಮನೆತನಕ್ಕೆ ಭಾರತದ ನಂಟು ದಟ್ಟವಾಗಿತ್ತು. ತಂದೆಯ ಹೆಸರೂ ಜಾರ್ಜ್ ಉಡ್ನಿ ಯೂಲ್. ಅವರು ಭಾರತದಲ್ಲಿ ಬ್ರಿಟಿಷ್ ಆಡಳಿತದ ಹಿರಿಯ ಅಧಿಕಾರಿಯಾಗಿದ್ದು, 1860ರ ದಶಕದಲ್ಲಿ ಹೈದರಾಬಾದಿನ ರೆಸಿಡೆಂಟ್ ಆಗಿದ್ದರು. ಆಗ ನಮ್ಮ ಕಲಬುರಗಿ, ಬೀದರ್ ಸೀಮೆಯೂ ನಿಜಾಮರ ಆಳ್ವಿಕೆಯಲ್ಲಿದ್ದುದನ್ನು ನೆನೆದರೆ ಈ ಹೆಸರು ಅಷ್ಟೇನೂ ದೂರದ್ದಲ್ಲ. ಚಿಕ್ಕಪ್ಪ ಹೆನ್ರಿ ಯೂಲ್ ಅವರು ಹಾಬ್ಸನ್ ಜಾಬ್ಸನ್ ಎಂಬ ಹೆಸರಾಂತ ಪದಕೋಶದ ಕರ್ತೃ. ಹುಡುಗ ಯೂಲ್ ಮಾತ್ರ ಭಾಷೆಯ ಕಡೆಗೂ ಹೋಗಲಿಲ್ಲ, ಆಡಳಿತದ ಕಡೆಗೂ ಹೋಗಲಿಲ್ಲ. ವಿಂಚೆಸ್ಟರ್ ಶಾಲೆ ಮುಗಿಸಿ, ಹದಿನಾರನೆಯ ವಯಸ್ಸಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು. ಬಳಿಕ ಸ್ವಲ್ಪ ಕಾಲ ಯಂತ್ರಗಳ ಕಾರ್ಯಾಗಾರದಲ್ಲಿ ಕೈ ಮಸಿ ಮಾಡಿಕೊಂಡರು. ಅದು ಹಿಡಿಸಲಿಲ್ಲ. 1892ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಹೋಗಿ, ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಹೈನ್ರಿಚ್ ಹರ್ಟ್ಸ್ ಅವರ ಬಳಿ ಕೆಲಸ ಮಾಡಿದರು. ಅವರ ಮೊದಲ ಲೇಖನಗಳು ವಿದ್ಯುತ್ ಅಲೆಗಳನ್ನು ಕುರಿತವು. ಮುಂದೆ ಅಲೆಗಳ ವಿಷಯಕ್ಕೇ ಬೇರೊಂದು ದಾರಿಯಲ್ಲಿ ಅವರು ಮರಳಿದರು; ಆ ಕಥೆ ಆಮೇಲೆ.

1893ರಲ್ಲಿ ಲಂಡನ್ನಿಗೆ ಬಂದಾಗ ಕೆಲಸ ಕೊಟ್ಟವರು ಅವರ ಹಳೆಯ ಅಧ್ಯಾಪಕ ಕಾರ್ಲ್ ಪಿಯರ್ಸನ್. ನಾವು ಲೆಕ್ಕ ಹಾಕುವ ಸಹಸಂಬಂಧ ಗುಣಾಂಕದ ಜೊತೆಗೆ ಹೆಸರು ಹೊತ್ತಿರುವ ಪಿಯರ್ಸನ್ ಇವರೇ. ಪಿಯರ್ಸನ್ ಸಂಖ್ಯಾಶಾಸ್ತ್ರದ ಮೇಲೆ ಮೊದಲ ಬಾರಿಗೆ ಉನ್ನತ ಮಟ್ಟದ ಉಪನ್ಯಾಸಮಾಲೆ ನಡೆಸಿದಾಗ ಎದುರಿಗೆ ಕುಳಿತಿದ್ದವರು ಇಬ್ಬರೇ, ಯೂಲ್ ಮತ್ತು ಆಲಿಸ್ ಲೀ. ನಮ್ಮ ಬೋಧನಾಭ್ಯಾಸದಲ್ಲಿ ಹಾಜರಾತಿ ಕಡಿಮೆಯಾದರೆ ಮುಖ ಸಣ್ಣ ಮಾಡಿಕೊಳ್ಳುವ ನಾವು ಈ ತರಗತಿಯನ್ನು ನೆನೆಯಬಹುದು.

ಗುರುವಿನಿಂದ ಕಲಿತ ಸಹಸಂಬಂಧವನ್ನು ಯೂಲ್ ಕೂಡಲೇ ಒಂದು ಸುಡುವ ಪ್ರಶ್ನೆಗೆ ಹಚ್ಚಿದರು. ಆಗ ಇಂಗ್ಲೆಂಡಿನಲ್ಲಿ ಬಡವರಿಗೆ ಸರ್ಕಾರದ ನೆರವು ಎರಡು ಬಗೆಯಲ್ಲಿ ಸಿಗುತ್ತಿತ್ತು. ಒಂದು, ಬಡವರ ಮನೆಯೆಂಬ ಕಠಿಣ ಆಶ್ರಮದೊಳಗೆ ಸೇರಿಸಿಕೊಂಡು. ಇನ್ನೊಂದು, ಅವರವರ ಮನೆಯಲ್ಲೇ ಇರಲು ಬಿಟ್ಟು ಸ್ವಲ್ಪ ಹಣವನ್ನೋ ದಿನಸಿಯನ್ನೋ ಕೊಟ್ಟು. ಮನೆಗೇ ಕೊಡುವ ನೆರವು ಜನರನ್ನು ಸೋಮಾರಿಗಳನ್ನಾಗಿ ಮಾಡಿ ಬಡತನವನ್ನು ಹೆಚ್ಚಿಸುತ್ತದೆ, ಅದನ್ನು ನಿಲ್ಲಿಸಬೇಕು ಎಂಬ ವಾದ ಜೋರಾಗಿತ್ತು. 1899ರ ಲೇಖನದಲ್ಲಿ ಯೂಲ್ ಬಡವರ ಕಾಯ್ದೆಯ ಆಡಳಿತ ಘಟಕಗಳ ಅಂಕಿಅಂಶ ತೆಗೆದುಕೊಂಡು, 1871ರಿಂದ 1881, 1881ರಿಂದ 1891 ಹೀಗೆ ಜನಗಣತಿಯ ಅವಧಿಗಳಲ್ಲಿ ಆದ ಬದಲಾವಣೆಗಳನ್ನು ಹೋಲಿಸಿದರು. ನೆರವು ಪಡೆಯುವವರ ಪ್ರಮಾಣ ಏಕೆ ಬದಲಾಯಿತು? ಮನೆಗೆ ಕೊಡುವ ನೆರವಿನ ಪಾಲು, ವೃದ್ಧರ ಪ್ರಮಾಣ, ಜನಸಂಖ್ಯೆ ಈ ಮೂರನ್ನೂ ಒಂದೇ ಸಮೀಕರಣದಲ್ಲಿ ಇಟ್ಟು, ಪ್ರತಿಯೊಂದರ ತೂಕವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಸಮಾಜದ ಪ್ರಶ್ನೆಯೊಂದಕ್ಕೆ ಬಹುಚರ ರಿಗ್ರೆಶನ್ ಬಳಸಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಲಂಡನ್ ಮಹಾನಗರದ ಘಟಕಗಳಿಗೆ 1871ರಿಂದ 1881ರ ಅವಧಿಯಲ್ಲಿ ಮನೆನೆರವಿನ ಪಾಲಿನ ಮುಂದೆ ಬಂದ ಗುಣಾಂಕ 0.755. ಅಂದರೆ ಮನೆನೆರವು ಕಡಿಮೆಯಾದ ಕಡೆ ನೆರವು ಪಡೆಯುವ ಬಡವರೂ ಕಡಿಮೆಯಾಗಿದ್ದಾರೆ.

ಈ ಸಂಖ್ಯೆಯ ಹಿಂದೆ ಜನರಿದ್ದರು. ಇದನ್ನು ನಂಬಿ ಒಬ್ಬ ಅಧಿಕಾರಿ ಮುದುಕಿಯೊಬ್ಬಳ ವಾರದ ಹಣವನ್ನು ನಿಲ್ಲಿಸಬಹುದಿತ್ತು. ಯೂಲ್‌ಗೆ ಆ ಅಳುಕು ಇತ್ತೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಒಂದು ಅಡಿಟಿಪ್ಪಣಿ ಹಾಕಿ, ತಾವು ಕಾರಣವೆಂದು ಬರೆದಿರುವ ಕಡೆಗಳಲ್ಲೆಲ್ಲ ಜೊತೆಗೆ ಕಂಡುಬಂದದ್ದು ಎಂದಷ್ಟೇ ಓದಿಕೊಳ್ಳಬೇಕೆಂದು ಓದುಗರಿಗೆ ತಿಳಿಸಿದರು. ಅಡಿಟಿಪ್ಪಣಿಯಲ್ಲಿ ಏಕೆ, ಶೀರ್ಷಿಕೆಯಲ್ಲೇ ಹೇಳಬಹುದಿತ್ತಲ್ಲ ಎಂಬುದು ನನ್ನ ತಕರಾರು. ಲೇಖನದ ಶೀರ್ಷಿಕೆಯಲ್ಲಿ ಕಾರಣಗಳು ಎಂಬ ಪದವೇ ಇದೆ. ಅರ್ಥಶಾಸ್ತ್ರಜ್ಞ ಪಿಗೂ ಮುಂದೆ ಈ ಬಗೆಯ ಲೆಕ್ಕವನ್ನು ಆಕ್ಷೇಪಿಸಿದರು. ಮನೆನೆರವನ್ನು ಕಡಿತ ಮಾಡಿದ ಘಟಕಗಳು ಬೇರೆ ವಿಷಯಗಳಲ್ಲೂ ಬಿಗಿಯಾದ ಆಡಳಿತ ನಡೆಸಿರಬಹುದು, ಆ ಬಿಗಿ ಈ ಮೂರು ಚರಗಳಲ್ಲಿ ಎಲ್ಲಿದೆ ಎಂಬುದು ಅವರ ವಾದದ ತಿರುಳು. ಸಮೀಕರಣದೊಳಗೆ ಯಾವುದನ್ನು ಸೇರಿಸಿದೆ, ಯಾವುದನ್ನು ಬಿಟ್ಟೆ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ಮಾದರಿಯ ರಚನೆಯ ಆಯ್ಕೆ ಎಂದು ಇಂದು ಕರೆಯುವುದು ಇದನ್ನೇ.

ಕಾಲೇಜಿನ ಸಂಬಳ ಸಾಲದೆ, 1899ರಲ್ಲಿ ಯೂಲ್ ತಾಂತ್ರಿಕ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯೊಂದರ ಕಾರ್ಯದರ್ಶಿಯಾದರು. ಹಗಲು ಪರೀಕ್ಷಾ ಕಡತ, ಸಂಜೆ ಸಂಖ್ಯಾಶಾಸ್ತ್ರದ ಉಪನ್ಯಾಸ. 1902ರಿಂದ 1909ರವರೆಗೆ ನಡೆದ ಆ ಸಂಜೆಯ ತರಗತಿಗಳ ಟಿಪ್ಪಣಿಗಳೇ ಬೆಳೆದು 1911ರಲ್ಲಿ ಸಂಖ್ಯಾಶಾಸ್ತ್ರ ಸಿದ್ಧಾಂತದ ಪ್ರವೇಶಿಕೆಯಾಗಿ ಹೊರಬಂದವು. ಹಲವು ದಶಕ ಭಾರತದ ಕಾಲೇಜುಗಳಲ್ಲೂ ಓದಿಸಿದ ಪಠ್ಯ ಅದು. ಪಾಠಟಿಪ್ಪಣಿಯನ್ನು ಸತ್ರ ಮುಗಿದ ಕೂಡಲೇ ರದ್ದಿಗೆ ಹಾಕುವ ನಮ್ಮ ಅಭ್ಯಾಸದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಇದೇ ಹೊತ್ತಿಗೆ ಗುರುವಿನೊಂದಿಗೆ ಮನಸ್ತಾಪ ಬೆಳೆಯಿತು. ಸಿಡುಬಿಗೆ ಲಸಿಕೆ ಹಾಕಿಸಿಕೊಂಡವರು ಮತ್ತು ಹಾಕಿಸಿಕೊಳ್ಳದವರು, ಬದುಕಿದವರು ಮತ್ತು ಸತ್ತವರು ಎಂಬಂಥ ಎರಡು ಸಾಲು ಎರಡು ಕಂಬಸಾಲಿನ ಕೋಷ್ಟಕದಲ್ಲಿ ಸಂಬಂಧವನ್ನು ಅಳೆಯುವುದು ಹೇಗೆ ಎಂಬುದು ಜಗಳದ ಮೂಲ. ಈ ವರ್ಗಗಳ ಹಿಂದೆ ಕಣ್ಣಿಗೆ ಕಾಣದ, ನಿರಂತರವಾಗಿ ಬದಲಾಗುವ ಒಂದು ಪರಿಮಾಣವಿದೆ ಎಂದು ಭಾವಿಸಿಯೇ ಲೆಕ್ಕ ಮಾಡಬೇಕೆಂದು ಪಿಯರ್ಸನ್. ಸತ್ತವರೆಲ್ಲ ಸಮಾನವಾಗಿ ಸತ್ತವರೇ, ಅದರಲ್ಲಿ ಹೆಚ್ಚು ಕಡಿಮೆ ಎಲ್ಲಿಂದ ಬಂತು ಎಂಬುದು ಯೂಲ್ ನಿಲುವು. ಪಿಯರ್ಸನ್ ತಮ್ಮ ಸಹೋದ್ಯೋಗಿ ಹೆರನ್ ಜೊತೆ ಸೇರಿ 1913ರಲ್ಲಿ ಕೊಟ್ಟ ಉತ್ತರ ನೂರೈವತ್ತು ಪುಟಗಳನ್ನು ದಾಟಿತ್ತು. ಯೂಲ್ ಅಷ್ಟೇ ಉದ್ದದ ಮರುಉತ್ತರ ಬರೆಯಲು ಹೋಗಲಿಲ್ಲ. 1936ರಲ್ಲಿ ಪಿಯರ್ಸನ್ ತೀರಿಕೊಂಡಾಗ ರಾಯಲ್ ಸೊಸೈಟಿಗಾಗಿ ಅವರ ಜೀವನ ಸ್ಮರಣೆಯನ್ನು ಫಿಲೋನ್ ಜೊತೆಗೂಡಿ ಬರೆದವರು ಇದೇ ಯೂಲ್.

1912ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರನ್ನು ಸಂಖ್ಯಾಶಾಸ್ತ್ರದ ಉಪನ್ಯಾಸಕರನ್ನಾಗಿ ಕರೆಯಿತು. ಮನೆಯ ಬದುಕು ಆ ವರ್ಷವೇ ಮುರಿದುಬಿತ್ತು. 1899ರಲ್ಲಿ ಆಗಿದ್ದ ಮದುವೆ ರದ್ದಾಯಿತು. ಆಮೇಲೆ ಸೇಂಟ್ ಜಾನ್ಸ್ ಕಾಲೇಜೇ ಅವರಿಗೆ ಮನೆಯಾಯಿತು. ಮಹಾಯುದ್ಧದ ಕಾಲದಲ್ಲಿ ಸೈನ್ಯದ ಸರಬರಾಜು ಮತ್ತು ಆಹಾರ ಇಲಾಖೆಗಳ ಲೆಕ್ಕ ನೋಡಿಕೊಂಡರು.

ಈಗ ನನ್ನ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಯೂಲ್ 1924ರಿಂದ 1926ರವರೆಗೆ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಅಧ್ಯಕ್ಷ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ, ಕಾಲಶ್ರೇಣಿಗಳ ನಡುವೆ ಅರ್ಥವಿಲ್ಲದ ಸಹಸಂಬಂಧ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವುಗಳ ಪ್ರಮಾಣ ಒಂದು ಸಾಲು. ಅದೇ ವರ್ಷಗಳ ಮರಣ ಪ್ರಮಾಣ ಇನ್ನೊಂದು. ಎರಡರ ಸಹಸಂಬಂಧ 0.9512. ಚರ್ಚಿನಲ್ಲಿ ಮದುವೆಯಾಗುವುದನ್ನು ಬಿಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಯಾರೂ ಹೇಳಲಾರರು. ಮೂರನೆಯ ಯಾವುದೋ ಅಂಶ ಎರಡನ್ನೂ ಎಳೆಯುತ್ತಿದೆ ಎಂಬ ಸಾಮಾನ್ಯ ಸಮಜಾಯಿಷಿಯಿಂದಲೂ ಯೂಲ್ ತೃಪ್ತರಾಗಲಿಲ್ಲ. ದೋಷವಿರುವುದು ನಮ್ಮ ಲೆಕ್ಕದ ಹಿಂದಿನ ಊಹೆಯಲ್ಲಿ ಎಂದರು. ಸಹಸಂಬಂಧದ ನಂಬಿಕೆಯ ಮಿತಿಗಳನ್ನು ಕಟ್ಟಿರುವುದು ಪ್ರತಿ ಅಳತೆಯೂ ಇನ್ನೊಂದರಿಂದ ಸ್ವತಂತ್ರ ಎಂಬ ಊಹೆಯ ಮೇಲೆ. ಕಾಲಶ್ರೇಣಿಯಲ್ಲಿ ಈ ವರ್ಷದ ಬೆಲೆ ಹೋದ ವರ್ಷದ ಬೆಲೆಯ ಹೆಗಲ ಮೇಲೆ ನಿಂತಿರುತ್ತದೆ. ಅಲ್ಲಿ ಐವತ್ತು ವರ್ಷ ಎಂದರೆ ಐವತ್ತು ಸ್ವತಂತ್ರ ಸಾಕ್ಷಿಗಳಲ್ಲ.

ಇದನ್ನು ಅವರು ಇಸ್ಪೀಟು ಎಲೆಗಳಿಂದ ಪರೀಕ್ಷಿಸಿದರು. ಎಲೆ ಎಳೆದು ಯಾದೃಚ್ಛಿಕ ಅಂಕಿಗಳನ್ನು ಪಡೆದು, ಅವುಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗಿ ಶ್ರೇಣಿಗಳನ್ನು ಕಟ್ಟಿದರು. ಬಿಡಿ ಅಂಕಿಗಳ ನಡುವಿನ ಸಹಸಂಬಂಧಗಳು ಸೊನ್ನೆಯ ಸುತ್ತ ಗುಂಪುಗೂಡಿದವು. ಕೂಡಿಸಿ ಮತ್ತೆ ಕೂಡಿಸಿದ ಶ್ರೇಣಿಗಳಲ್ಲಿ ಮಾತ್ರ ಸೊನ್ನೆಯೇ ಅಪರೂಪವಾಗಿ, ಧನ ಒಂದು ಅಥವಾ ಋಣ ಒಂದರ ಸಮೀಪದ ಉತ್ತರಗಳೇ ಹೆಚ್ಚಾಗಿ ಬಂದವು. ಸಂಬಂಧವೇ ಇಲ್ಲದ ಎರಡು ಶ್ರೇಣಿಗಳು!

ನಾನು ಇದನ್ನು ಅದೇ ತರಗತಿಯಲ್ಲಿ ನಾಣ್ಯದಿಂದ ಮಾಡಿಸಿದೆ. ತಲೆ ಬಿದ್ದರೆ ಒಂದು ಹೆಜ್ಜೆ ಮೇಲೆ, ಬಾಲ ಬಿದ್ದರೆ ಒಂದು ಹೆಜ್ಜೆ ಕೆಳಗೆ, ಮೂವತ್ತು ಸಲ. ಪ್ರತಿ ವಿದ್ಯಾರ್ಥಿಯೂ ತನ್ನ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದ. ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಅಕ್ಕಪಕ್ಕದವರ ಗೆರೆಗಳು ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದದ್ದನ್ನು ಮಕ್ಕಳೇ ಹುಡುಕಿ ತೋರಿಸಿದರು. ಒಬ್ಬ ಹುಡುಗ ಮಾತ್ರ ನಾಣ್ಯ ಎಸೆಯದೆ ಮನಸ್ಸಿಗೆ ಬಂದಂತೆ ಬರೆದಿದ್ದ. ಅವನ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡಿ ಎಲ್ಲರಿಗಿಂತ ಬೇರೆಯಾಗಿ ಕಾಣುತ್ತಿತ್ತು, ಹಾಗಾಗಿ ಸಿಕ್ಕಿಬಿದ್ದ. ಈ ಚಟುವಟಿಕೆಗೆ ಎರಡು ಅವಧಿ ಬೇಕು. ಪಾಠಯೋಜನೆಯಲ್ಲಿ ಒಂದೇ ಅವಧಿ ತೋರಿಸಿದ್ದು ನನ್ನ ತಪ್ಪು.

ಮರುವರ್ಷ, 1927ರಲ್ಲಿ, ಯೂಲ್ ತಮ್ಮ ಅತ್ಯಂತ ಪ್ರಸಿದ್ಧ ಲೇಖನ ಬರೆದರು. ಸೂರ್ಯನ ಮೇಲಿನ ಕಲೆಗಳ ಸಂಖ್ಯೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಆದರೆ ಗಡಿಯಾರದ ಹಾಗೆ ನಿಖರವಾಗಿ ಅಲ್ಲ. ಎತ್ತರವೂ ಬದಲಾಗುತ್ತದೆ, ಅಂತರವೂ ಬದಲಾಗುತ್ತದೆ. ಅದುವರೆಗಿನ ವಿಧಾನವೆಂದರೆ ಒಳಗೆ ನಿಖರವಾದ ಅಲೆಗಳು ಅಡಗಿವೆ, ಮೇಲೆ ಅಳತೆಯ ದೋಷ ಅಂಟಿಕೊಂಡಿದೆ ಎಂದು ತಿಳಿದು, ಅಡಗಿದ ಅಲೆಗಳನ್ನು ಹುಡುಕುವುದು. ಯೂಲ್ ಬೇರೊಂದು ಚಿತ್ರ ಕೊಟ್ಟರು. ಕೋಣೆಯಲ್ಲಿ ಒಂದು ಲೋಲಕ ತೂಗುತ್ತಿದೆ, ಅದರ ಚಲನೆ ತಾನಾಗಿ ದಾಖಲಾಗುತ್ತಿದೆ. ಕೆಲವು ಹುಡುಗರು ಒಳಗೆ ನುಗ್ಗಿ, ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ಲೋಲಕಕ್ಕೆ ಬಟಾಣಿ ಹೊಡೆಯುತ್ತಾರೆ. ಅಳೆಯುವವನ ಕೈ ನಡುಗಿದ್ದರೆ ದೋಷ ಆ ಕ್ಷಣಕ್ಕೆ ಮುಗಿಯುತ್ತಿತ್ತು. ಬಟಾಣಿಯ ಏಟು ಹಾಗಲ್ಲ, ಅದು ಲೋಲಕದ ಮುಂದಿನ ಚಲನೆಯನ್ನೇ ಬದಲಾಯಿಸುತ್ತದೆ. ದಾಖಲೆಯ ಗೆರೆ ನಯವಾಗಿಯೇ ಇರುತ್ತದೆ, ಆದರೆ ಅಲೆಯ ಎತ್ತರವೂ ಕಾಲವೂ ಊಹೆಗೆ ನಿಲುಕದಂತೆ ಜಾರುತ್ತವೆ. ವಿಜ್ಞಾನ ಬೋಧಕರಿಗೆ ಇದಕ್ಕಿಂತ ಒಳ್ಳೆಯ ಉಪಮೆ ಬೇಕೆ?

1749ರಿಂದ 1924ರವರೆಗಿನ ಸೌರಕಲೆಗಳ ವಾರ್ಷಿಕ ಸಂಖ್ಯೆಯನ್ನು ಹಿಡಿದು ಅವರು ಕಂಡುಕೊಂಡ ನಿಯಮ ಸರಳ. ಸರಾಸರಿಯಿಂದ ಈ ವರ್ಷದ ವ್ಯತ್ಯಾಸ ಎಂದರೆ ಹೋದ ವರ್ಷದ ವ್ಯತ್ಯಾಸದ 1.34 ಪಟ್ಟು, ಅದರಲ್ಲಿ ಹಿಂದಿನ ವರ್ಷದ ವ್ಯತ್ಯಾಸದ 0.66 ಪಟ್ಟನ್ನು ಕಳೆದದ್ದು, ಜೊತೆಗೆ ಹೊಸ ಬಟಾಣಿ ಏಟು. ಹೋದ ವರ್ಷ ಸರಾಸರಿಗಿಂತ 50 ಹೆಚ್ಚು, ಅದರ ಹಿಂದಿನ ವರ್ಷ 20 ಹೆಚ್ಚು ಇದ್ದರೆ, 67ರಲ್ಲಿ 13.2 ಕಳೆದು ಈ ವರ್ಷ ಸುಮಾರು 54 ಹೆಚ್ಚು ಎಂದು ನಿರೀಕ್ಷಿಸಬಹುದು. ಈ ಎರಡು ಗುಣಾಂಕಗಳಿಂದಲೇ ಸುಮಾರು 10.6 ವರ್ಷದ ಆವರ್ತ ಹೊರಬರುತ್ತದೆ. ಶ್ರೇಣಿಯನ್ನು ಅದರದೇ ಹಿಂದಿನ ಬೆಲೆಗಳಿಂದ ವಿವರಿಸುವ ಈ ಮಾದರಿಗೆ ಈಗ ಆಟೋರಿಗ್ರೆಶನ್ ಎಂದು ಹೆಸರು.

ಎರಡೇ ವರ್ಷ ಏಕೆ? ಲೋಲಕದ ಭೌತವಿಜ್ಞಾನ ಎರಡು ಸಾಕೆಂದು ಹೇಳುತ್ತದೆ. ಅದನ್ನು ಮಾತ್ರ ನಂಬಿ ಕೂರದೆ ಯೂಲ್ ಐದು ವರ್ಷ ಹಿಂದಿನವರೆಗೂ ಹೋಗಿ ನೋಡಿದರು. ಮೂರನೆಯದರಿಂದ ಆಚೆ ಸಿಗುವ ಲಾಭ ನಗಣ್ಯವೆಂದು ಕಂಡು ಬಿಟ್ಟರು. ಸೇರಿಸಬಹುದಾದದ್ದನ್ನು ಸೇರಿಸಿ ನೋಡಿ, ಕಾರಣ ಸಹಿತ ಕೈಬಿಟ್ಟ ಈ ಹೆಜ್ಜೆಯೇ ನನಗೆ ಅವರ ಬದುಕಿನಲ್ಲಿ ತುಂಬ ಇಷ್ಟವಾದದ್ದು. ನನ್ನ ಬಿಎಸ್ಸಿ ಪ್ರಾಜೆಕ್ಟಿನಲ್ಲಿ ನಾನು ಮಾಡಿದ್ದು ಇದರ ಉಲ್ಟಾ. ತರಕಾರಿ ಬೆಲೆಯ ಮೇಲೆ ಸಿಕ್ಕ ಸಿಕ್ಕ ಕಂಬಸಾಲುಗಳನ್ನು ಕಂಪ್ಯೂಟರಿಗೆ ತುಂಬಿ, ಆರ್ ವರ್ಗ ಏರುವವರೆಗೆ ಸೇರಿಸುತ್ತ ಹೋದೆ. ಒಳ್ಳೆಯ ಅಂಕವೂ ಬಂತು. ಎಷ್ಟು ಸಲ ಸೋತು ಆ ಸಮೀಕರಣ ಸಿಕ್ಕಿತೆಂದು ನಾನು ವರದಿಯಲ್ಲಿ ಬರೆಯಲಿಲ್ಲ.

ಯೂಲ್ ವಿಧಾನವನ್ನು ಎಷ್ಟು ವರ್ಷ ಹಿಂದಕ್ಕಾದರೂ ಹಿಗ್ಗಿಸುವಂತೆ ಮಾಡಿದವರು ಗಿಲ್ಬರ್ಟ್ ವಾಕರ್, 1931ರಲ್ಲಿ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯನ್ನು ನಡೆಸಿ, ಮುಂಗಾರಿನ ಮುನ್ಸೂಚನೆಗಾಗಿ ಲೋಕದ ಮೂಲೆಮೂಲೆಯ ವಾಯುಒತ್ತಡದ ಅಂಕಿಗಳನ್ನು ಜೋಡಿಸಿ ನೋಡಿದವರು ಅವರು. ಇಬ್ಬರ ಹೆಸರೂ ಸೇರಿದ ಯೂಲ್ ವಾಕರ್ ಸಮೀಕರಣಗಳು ಎಂಎಸ್ಸಿ ಪಠ್ಯದಲ್ಲಿವೆ.

ಇಂದಿನ ಅರ್ಥಮಿತಿಯಲ್ಲಿ ಬೆಲೆ, ಬಡ್ಡಿದರ, ಉತ್ಪಾದನೆ ಎಂಬ ಮೂರು ಶ್ರೇಣಿಗಳನ್ನು ಒಟ್ಟಿಗೆ ನೋಡುತ್ತಾರೆ ಎನ್ನೋಣ. ತಲಾ ನಾಲ್ಕು ತ್ರೈಮಾಸಿಕ ಹಿಂದಕ್ಕೆ ಹೋದರೆ ಪ್ರತಿ ಸಮೀಕರಣಕ್ಕೆ 12 ಅಭ್ಯರ್ಥಿ ಪದಗಳು, ಮೂರಕ್ಕೂ ಸೇರಿ 36. ಪ್ರತಿಯೊಂದನ್ನೂ ಇಡಬಹುದು ಇಲ್ಲವೇ ಬಿಡಬಹುದು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಾದರೆ ಸಾಧ್ಯವಿರುವ ರಚನೆಗಳು ಎರಡರ 36ನೆಯ ಘಾತ, ಅಂದರೆ 6,871 ಕೋಟಿಗೂ ಹೆಚ್ಚು. ಸೆಕೆಂಡಿಗೊಂದರಂತೆ ಪರೀಕ್ಷಿಸಿದರೂ ಎರಡು ಸಾವಿರ ವರ್ಷ ಮೀರುತ್ತದೆ. ಆದ್ದರಿಂದ ಹ್ಯೂರಿಸ್ಟಿಕ್ ಹುಡುಕಾಟಕ್ಕೆ ಕೈ ಹಾಕುತ್ತಾರೆ. ಯಾವುದೋ ಒಂದು ರಚನೆಯಿಂದ ಹೊರಟು ಒಂದು ಪದ ಸೇರಿಸಿ ಅಥವಾ ತೆಗೆದು ನೋಡುವುದು. ಅಂಕ ಸುಧಾರಿಸಿದರೆ ಒಪ್ಪುವುದು, ಆರಂಭದಲ್ಲಿ ಸ್ವಲ್ಪ ಕೆಟ್ಟರೂ ಒಪ್ಪುವುದು, ಬರುಬರುತ್ತ ಬಿಗಿಯಾಗುವುದು. ಮಂಜು ಕವಿದ ಮಲೆನಾಡಿನಲ್ಲಿ ಎತ್ತರದ ಬೆಟ್ಟ ಹುಡುಕುವವನು ಹತ್ತಿರದ ದಿಬ್ಬ ಹತ್ತಿ ಅಲ್ಲೇ ನಿಂತುಬಿಡಬಾರದು, ಒಮ್ಮೊಮ್ಮೆ ಇಳಿಯಲೂ ಸಿದ್ಧನಿರಬೇಕು. ಅಂಕ ಕೊಡುವ ಕೆಲಸಕ್ಕೆ ಅಕೈಕೆ 1974ರಲ್ಲಿ, ಶ್ವಾರ್ಟ್ಸ್ 1978ರಲ್ಲಿ ಕೊಟ್ಟ ಮಾನದಂಡಗಳಿವೆ. ಪದ ಹೆಚ್ಚಾದಷ್ಟೂ ಅವು ದಂಡ ವಿಧಿಸುತ್ತವೆ. ದಂಡವಿದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಲಕ್ಷಾಂತರ ರಚನೆಗಳನ್ನು ತಡಕುವ ಯಂತ್ರಕ್ಕೆ ಚರ್ಚಿನ ಮದುವೆ ಮತ್ತು ಸಾವಿನಂಥ ಜೋಡಿಯೊಂದು ಎಲ್ಲೋ ಸಿಕ್ಕೇ ಸಿಗುತ್ತದೆ, ಅದು ಹೆಚ್ಚು ಅಂಕ ಪಡೆದೇ ಬರುತ್ತದೆ. ಯೂಲ್ ಐದು ಮೆಟ್ಟಿಲು ಹತ್ತಿ ನೋಡಿದರು, ನಾವು ಕೋಟಿ ಮೆಟ್ಟಿಲು ಹತ್ತಬಲ್ಲೆವು. ಮೆಟ್ಟಿಲು ಹೆಚ್ಚಾದಷ್ಟೂ ಆ 1899ರ ಅಡಿಟಿಪ್ಪಣಿ ದೊಡ್ಡ ಅಕ್ಷರದಲ್ಲಿ ಬೇಕಾಗುತ್ತದೆ ಎಂದು ನನಗನ್ನಿಸುತ್ತದೆ.

ಅರವತ್ತರ ಹೊತ್ತಿಗೆ ನಿವೃತ್ತರಾದ ಯೂಲ್ ಮಾಡಿದ ಕೆಲಸ ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹಿಡಿಸಿತು. ವಿಮಾನ ಹಾರಿಸಲು ಕಲಿತು, ತಮ್ಮದೇ ವಿಮಾನ ಕೊಂಡು, 1932ರಲ್ಲಿ ಪೈಲಟ್ ಪರವಾನಗಿ ಪಡೆದರು. ಹೃದಯದ ತೊಂದರೆ ಆ ಸಂತೋಷವನ್ನು ಮೊಟಕುಗೊಳಿಸಿತು. ಓಡಾಟ ಕಡಿಮೆಯಾದಾಗ ಕುಳಿತು ಪುಸ್ತಕಗಳ ನಾಮಪದಗಳನ್ನು ಎಣಿಸತೊಡಗಿದರು. ಕ್ರಿಸ್ತಾನುಕರಣೆ ಎಂಬ ಪ್ರಸಿದ್ಧ ಲ್ಯಾಟಿನ್ ಗ್ರಂಥವನ್ನು ಬರೆದವರು ಥಾಮಸ್ ಆ ಕೆಂಪಿಸ್ ಅವರೋ ಗರ್ಸೋನ್ ಅವರೋ ಎಂಬ ವಿವಾದವನ್ನು ಪದಗಳ ಬಳಕೆಯ ಲೆಕ್ಕದಿಂದ ಪರಿಶೀಲಿಸಿದರು. ಲೆಕ್ಕ ಕೆಂಪಿಸ್ ಕಡೆ ವಾಲಿತು. 1944ರಲ್ಲಿ ಆ ಕೆಲಸ ಪುಸ್ತಕವಾಯಿತು. ಅಂಕಿತವಿಲ್ಲದ ವಚನಗಳ ಮೇಲೆ ಇದನ್ನು ಪ್ರಯೋಗಿಸಬಹುದಲ್ಲ ಎಂದು ನಮ್ಮ ಕನ್ನಡ ವಿಭಾಗದ ಗೆಳತಿ ಆಗಲೇ ಪಟ್ಟಿ ಮಾಡತೊಡಗಿದ್ದಾಳೆ.

1911ರ ಪಠ್ಯಪುಸ್ತಕವನ್ನು ಮಾತ್ರ ಅವರು ಒಬ್ಬರೇ ಹಿಡಿದುಕೊಂಡು ಕೂರಲಿಲ್ಲ. 1937ರ ಹನ್ನೊಂದನೆಯ ಆವೃತ್ತಿಯಿಂದ ತಮಗಿಂತ ಬಹಳ ಕಿರಿಯರಾದ ಮಾರಿಸ್ ಕೆಂಡಾಲ್ ಅವರಿಗೆ ಅದನ್ನು ತಿದ್ದಲು ಒಪ್ಪಿಸಿದರು; ಹದಿನಾಲ್ಕನೆಯ ಆವೃತ್ತಿ 1950ರಲ್ಲಿ ಬಂತು. ಮರುವರ್ಷ ಜೂನ್ 26ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಯೂಲ್ ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ನಾನು ಬಿಎಸ್ಸಿ ಓದಿದ ಕಾಲೇಜಿನ ಗ್ರಂಥಾಲಯದಲ್ಲಿ ಯೂಲ್ ಮತ್ತು ಕೆಂಡಾಲ್ ಹೆಸರಿನ ಆ ಪುಸ್ತಕದ ಒಂದು ಪ್ರತಿ ಇದೆ. ಮೊನ್ನೆ ಹೋಗಿ ತೆಗೆಸಿ ನೋಡಿದೆ. ಬೆನ್ನು ಹರಿದು ಟ್ವೈನ್ ದಾರದಿಂದ ಹೊಲಿದಿದ್ದಾರೆ, ಕಾಲಶ್ರೇಣಿಯ ಅಧ್ಯಾಯದ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ಲೆಕ್ಕ ಮಾಡಿ, ತಪ್ಪೆಂದು ಹೊಡೆದು, ಪಕ್ಕದಲ್ಲೇ ಮತ್ತೆ ಮಾಡಿದ್ದಾರೆ.